ಎಂಟ್ವಿಸಲ್ ಅಜ್ಜಿಯ ‘ಪರವಾಗಿಲ್ಲ’

ಇಂಗ್ಲೆಂಡಿನ ಲ್ಯಾಂಕಾಷೈರ್ ಕಡೆಯ ಮುದುಕಿಯರ ಬಾಯಲ್ಲಿ ‘ಪರವಾಗಿಲ್ಲ’ ಅನ್ನುವ ಮಾತಿಗೆ ಹದಿನಾರು ಅರ್ಥಗಳಿವೆ. ಕಾಲು ಮುರಿದರೂ ಪರವಾಗಿಲ್ಲ, ಗಂಡ ಸತ್ತರೂ ಪರವಾಗಿಲ್ಲ, ಸೂರು ಹಾರಿಹೋದರೆ ಗಾಳಿ ಚೆನ್ನಾಗಿ ಬರುತ್ತೆ, ಪರವಾಗಿಲ್ಲ. ಹದಿನಾರರಲ್ಲಿ ಒಂದಕ್ಕಾದರೂ ‘ನಾನು ಚೆನ್ನಾಗಿದ್ದೇನೆ’ ಅನ್ನುವ ಅರ್ಥ ಇಲ್ಲ. ಸ್ಲೇಡ್‌ಬ್ರಿಜ್ ಊರಿನಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಗೊತ್ತಿಲ್ಲದೆ ಹೋದದ್ದು ಆ ಊರಿನ ಕೌನ್ಸಿಲ್ಲಿಗೆ, ಅಂದರೆ ನಗರಸಭೆಗೆ ಮಾತ್ರ. ಅವರು ಆ ಮಾತನ್ನು ಫಾರ್ಮಿನಲ್ಲಿ ತುಂಬಿ, ಮೊಹರು ಒತ್ತಿ, ಕಡತಕ್ಕೆ ಸೇರಿಸಿಬಿಟ್ಟಿದ್ದರು.

ಆ ಫಾರ್ಮನ್ನು ಬ್ಯಾರಿಸ್ಟರ್ ಬರ್ನಡೆಟ್ ಕಿಲ್‌ಬ್ರೈಡ್ ಮ್ಯಾಂಚೆಸ್ಟರಿನಿಂದ ಹೊರಡುವ ಎಂಟು ಗಂಟೆಯ ರೈಲಿನಲ್ಲಿ, ಶೌಚಾಲಯದ ಬಾಗಿಲಿಗೆ ಒರಗಿ ನಿಂತು ಓದಿದಳು. ಬ್ಯಾರಿಸ್ಟರ್ ಅಂದ ಕೂಡಲೇ ಜನ ಕುದುರೆಕೂದಲಿನ ಟೋಪನ್ನೂ ರೇಷ್ಮೆಯ ನಿಲುವಂಗಿಯನ್ನೂ ಕಣ್ಮುಂದೆ ತಂದುಕೊಳ್ಳುತ್ತಾರೆ. ಬರ್ನಿಯ ಟೋಪು ಡಬ್ಬಿಯಿಂದ ಹೊರಬರದೆ ಆರು ವರ್ಷವಾಗಿತ್ತು. ಅವಳದು ಬಡವರ ವಕೀಲಿ. ಸರ್ಕಾರಿ ಕಾನೂನು ನೆರವಿನಲ್ಲಿ ಬರುವ ಮನೆ ಬಿಡಿಸುವ ದಾವೆಗಳು, ಮುದುಕರಿಗೂ ಅಶಕ್ತರಿಗೂ ಸಿಗಬೇಕಾದ ಆರೈಕೆಯನ್ನು ಕೊಡದ ಕೌನ್ಸಿಲ್ಲುಗಳ ಮೇಲಿನ ತಕರಾರುಗಳು. ಇವುಗಳಿಗೆ ಟೋಪು ಬೇಡ, ಗಟ್ಟಿ ಚಪ್ಪಲಿ ಬೇಕು.

ಈ ಕೇಸಿನಲ್ಲಿ ಎರಡು ವರದಿಗಳಿದ್ದವು. ಕೌನ್ಸಿಲ್ ಕಟ್ಟಡದ ಎರಡನೇ ಮಹಡಿಯ ಮನೆ ಇಲಾಖೆ ಬರೆದದ್ದು ಒಂದು: ಮಿಸೆಸ್ ಮುರಿಯೆಲ್ ಎಂಟ್ವಿಸಲ್, ವಯಸ್ಸು ಎಂಬತ್ತೊಂದು, ನಲ್ಲಿ ತೆರೆದಿಟ್ಟು ಕೆಳಮನೆಗೆ ಮೂರು ಸಲ ನೀರು ಹರಿಸಿದ್ದಾರೆ; ಇವರಿಂದ ಕಟ್ಟಡಕ್ಕೇ ಅಪಾಯ; ಕೌನ್ಸಿಲ್ಲಿಗೆ ಸೇರಿದ ಫ್ಲ್ಯಾಟ್ ತೆರವು ಮಾಡಿಸಬೇಕು. ನಾಲ್ಕನೇ ಮಹಡಿಯ ಆರೈಕೆ ಇಲಾಖೆ ಬರೆದದ್ದು ಇನ್ನೊಂದು: ಅದೇ ಮಿಸೆಸ್ ಎಂಟ್ವಿಸಲ್ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ, ಅವರಿಗೆ ಯಾವ ಸಹಾಯವೂ ಬೇಕಾಗಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಅಲ್ಲ, ಒಂದೇ ಲಿಫ್ಟಿನಲ್ಲಿ ಓಡಾಡುವ ಈ ಮಹಾಶಯರು ಒಂದು ಸಲವಾದರೂ ಮುಖ ನೋಡಿ ಮಾತಾಡಬಾರದೇ?

ಕಾನೂನು ಸರಳವಾಗಿತ್ತು. ಕೈಲಾಗದೆ ನೀರು ಹರಿದಿದ್ದರೆ ಕೌನ್ಸಿಲ್ ಮೊದಲು ಸಹಾಯ ಕೊಡಬೇಕು, ಮನೆ ಬಿಡಿಸುವ ಮಾತು ಆಮೇಲೆ. ಕೈಲಾಗಿಯೂ ಉಡಾಫೆಯಿಂದ ಹರಿಸಿದ್ದರೆ ಮನೆ ಬಿಡಿಸಬಹುದು. ಹಾಗಾಗಿ ನಲವತ್ಮೂರು ವರ್ಷದಿಂದ ಇದ್ದ ಮನೆ ಉಳಿಯಬೇಕಾದರೆ ಎಂಟ್ವಿಸಲ್ ಅಜ್ಜಿ ಜಡ್ಜ್ ಮುಂದೆ ‘ನನ್ನ ಕೈಲಾಗಲ್ಲ’ ಅನ್ನಬೇಕಿತ್ತು. ಇಷ್ಟೇ. ಒಂದು ಮಾತು.

ಕೋರ್ಟಿನಲ್ಲಿ ಮಾತಾಡಲು ಕೋಣೆ ಖಾಲಿ ಇರಲಿಲ್ಲ. ಝೆರಾಕ್ಸ್ ಯಂತ್ರದ ಪಕ್ಕ ಎರಡು ಕುರ್ಚಿ ಹಾಕಿಕೊಂಡು ಬರ್ನಿ ತನ್ನ ಕಕ್ಷಿದಾರಳನ್ನು ಕೂರಿಸಿದಳು. ಅಜ್ಜಿ ಗಿಡ್ಡ, ದುಂಡಗೆ, ನೀಲಿ ಕೋಟು, ಕೆನ್ನೆಗೆ ಪೌಡರ್. ಮೂವತ್ತು ವರ್ಷ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸಿದವಳು. ಊರಲ್ಲಿ ಅರವತ್ತರ ಒಳಗಿನವರೆಲ್ಲ ಅವಳಿಗೆ ‘ಪುಟ್ಟ’ ಇಲ್ಲವೇ ‘ಪುಟ್ಟಿ’.

"ಹೇಗಿದ್ದೀರಿ ಮಿಸೆಸ್ ಎಂಟ್ವಿಸಲ್?"

"ಪರವಾಗಿಲ್ಲ ಪುಟ್ಟಿ. ನಿನ್ನ ಮುಖ ಯಾಕೆ ಬಾಡಿದೆ? ತಿಂಡಿ ತಿಂದಿಲ್ಲ ಅಲ್ವಾ? ನನ್ನ ಚೀಲದಲ್ಲಿ ಪೆಪ್ಪರ್‌ಮಿಂಟ್ ಡಬ್ಬಿ ಇದೆ ನೋಡು, ತೆಗಿ. ನಿಂಗೊಂದು, ನಂಗೊಂದು. ಕನ್ನಡಕ ಅದರ ಪಕ್ಕದಲ್ಲೇ ಇದೆ, ಅದನ್ನೂ ತೆಗ್ದುಬಿಡು. ಸೆಖೆ ಅಲ್ವಾ ಇಲ್ಲಿ? ಈ ಕೋಟಿನ ಗುಂಡಿ ನಿನ್ನ ಕಡೆಗೇ ಇದೆ ನೋಡು."

ಬರ್ನಿ ಡಬ್ಬಿ ತೆರೆದಳು, ಕನ್ನಡಕ ತೆಗೆದುಕೊಟ್ಟಳು, ಗುಂಡಿ ಬಿಚ್ಚಿದಳು. ಬಿಚ್ಚುತ್ತ ತಲೆಯೊಳಗೆ ವಾದವನ್ನು ಜೋಡಿಸುತ್ತಿದ್ದಳು. ಕೈ ಏನು ಮಾಡುತ್ತಿದೆ ಅಂತ ಅವಳು ನೋಡಲಿಲ್ಲ.

"ನೀರು ಹರಿದಿದ್ದು ಹೇಗೆ?"

"ಹರೀತು. ನೀರಲ್ವಾ, ಹರಿಯತ್ತೆ."

"ನಲ್ಲಿ ನಿಲ್ಲಿಸೋಕೆ ಕಷ್ಟ ಆಗುತ್ತಾ?"

"ಆ ನಲ್ಲಿಗೂ ವಯಸ್ಸಾಯ್ತು, ನಂಗೂ ವಯಸ್ಸಾಯ್ತು. ಇಬ್ರೂ ಹೊಂದ್ಕೊಂಡು ಹೋಗ್ತೀವಿ."

ಬರ್ನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇನ್ನೊಂದು ದೇಶದ ವಕೀಲನಾಗಿದ್ದರೆ, "ಅಜ್ಜಿ, ಒಳಗೆ ಹೋಗಿ ಕೈಲಾಗಲ್ಲ ಅನ್ನು, ಎರಡು ಹನಿ ಕಣ್ಣೀರು ಹಾಕು" ಅಂತ ಹೇಳಿ ಮುಗಿಸುತ್ತಿದ್ದ. ಇಂಗ್ಲೆಂಡಿನ ಬ್ಯಾರಿಸ್ಟರಿಗೆ ಆ ಭಾಗ್ಯವಿಲ್ಲ. ಸಾಕ್ಷಿಗೆ ಇಂಥದ್ದು ಹೇಳು, ಇಂಥದ್ದು ಹೇಳಬೇಡ ಅಂತ ಪಾಠ ಹೇಳಿಕೊಟ್ಟರೆ ಸನ್ನದು ಹೋಗುತ್ತದೆ. ‘ನಿಜ ಹೇಳಿ’ ಅನ್ನಬಹುದು, ಅದರಿಂದಾಚೆಗೆ ಬಾಯಿಗೆ ಬೀಗ.

"ಮಿಸೆಸ್ ಎಂಟ್ವಿಸಲ್, ನಾನು ಹೇಳೋದು ಇಷ್ಟೇ. ಅಲ್ಲಿ ಬರೀ ನಿಜ ಹೇಳಿ. ಪೂರ್ತಿ ನಿಜ."

"ಸುಳ್ಳು ಹೇಳೋಕೆ ನನಗೇನು ದಾಡಿ?" ಅಂದಳು ಅಜ್ಜಿ. "ಯಾರು ಕೇಳಿದ್ರೂ ಪರವಾಗಿಲ್ಲ ಅಂತೀನಿ, ಅಷ್ಟೇ."

ಕೋರ್ಟ್ ಹಾಲ್ ಚಿಕ್ಕದು. ಜಡ್ಜ್ ಟ್ರೆಹರ್ನ್ ದೇಶದ ಆಚೆ ತುದಿಯ ಕಾರ್ನ್‌ವಾಲಿನವರು, ಉದ್ದ ಮುಖ, ಮಾತು ಕಮ್ಮಿ. ಕೌನ್ಸಿಲ್ ಪರವಾಗಿ ಫೆದರ್‌ಸ್ಟನ್ ಬಂದಿದ್ದ. ಇಸ್ತ್ರಿ ಮಾಡಿದ ಮನುಷ್ಯ. ಮಾತುಮಾತಿಗೆ ಬರ್ನಿಯನ್ನು ‘ನನ್ನ ವಿದ್ವಾಂಸ ಮಿತ್ರರು’ ಅನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ಅವಳಿಗೆ ಯಾರೋ ಕಾಲು ತುಳಿದ ಹಾಗಾಗುತ್ತಿತ್ತು.

ಫೆದರ್‌ಸ್ಟನ್ ತನ್ನ ಸಾಕ್ಷಿಯಾಗಿ ಆರೈಕೆ ಇಲಾಖೆಯ ವರದಿ ಬರೆದ ಸೋಷಿಯಲ್ ವರ್ಕರ್ ಫೆಮ್ಕೆಯನ್ನು ಕರೆದ. ಹಾಲೆಂಡಿನ ಹೆಣ್ಣುಮಗಳು, ಬಾವುಟದ ಕಂಬದಷ್ಟು ಎತ್ತರ, ಸ್ಲೇಡ್‌ಬ್ರಿಜ್‌ಗೆ ಬಂದು ಏಳು ತಿಂಗಳು. ಅವಳ ಊರಲ್ಲಿ ‘ಹೇಗಿದ್ದೀರಿ’ ಅಂತ ಕೇಳಿದರೆ ಜನ ಮಂಡಿಯಿಂದ ಶುರುಮಾಡಿ ಮೂಲವ್ಯಾಧಿಯವರೆಗೆ ಹೇಳಿಯೇ ನಿಲ್ಲಿಸುವುದು. ಅಲ್ಲಿ ಪರವಾಗಿಲ್ಲ ಅಂದರೆ ಪರವಾಗಿಲ್ಲ.

"ಹದಿನಾಲ್ಕು ಪ್ರಶ್ನೆ ಕೇಳಿದೆ," ಅಂದಳು ಫೆಮ್ಕೆ ಗಂಭೀರವಾಗಿ. "ಸ್ನಾನ ಹೇಗೆ ಅಂದೆ, ಪರವಾಗಿಲ್ಲ ಅಂದ್ರು. ಅಡುಗೆ ಅಂದೆ, ಪರವಾಗಿಲ್ಲ ಅಂದ್ರು. ಬಟ್ಟೆ ಹಾಕ್ಕೊಳ್ಳೋದು ಅಂದೆ, ‘ಬೆತ್ತಲೆ ಕಾಣ್ತಿದೀನಾ?’ ಅಂದ್ರು. ಕಾಣ್ತಿರಲಿಲ್ಲ. ಹಾಗೇ ಬರೆದೆ."

ಹಾಲಿನ ಹಿಂದೆ ಯಾರೋ ಕೆಮ್ಮಿದ ಹಾಗೆ ಮಾಡಿ ನಕ್ಕರು. ಫೆದರ್‌ಸ್ಟನ್ ಕೂತ. ಅವನ ಕೆಲಸ ಮುಗಿದಿತ್ತು.

ಪಾಟೀಸವಾಲಿಗೆ ಎದ್ದ ಬರ್ನಿಯ ಹತ್ತಿರ ಕೇಳಲು ಏನೂ ಇರಲಿಲ್ಲ. ಡಾಕ್ಟರ ಪತ್ರವೊಂದಿತ್ತು, ಅದರಲ್ಲಿ ಕೈಗೆ ‘ಸ್ವಲ್ಪ’ ಸಂಧಿವಾತ ಅಂತಿತ್ತು. ಡಾಕ್ಟರೂ ಅಜ್ಜಿಯನ್ನೇ ಕೇಳಿ ಬರೆದಿರಬೇಕು, ಅವರ ಹಣೆಬರಹ! ಕಾಗದ ತಿರುವಿ ಹಾಕುತ್ತ ಬರ್ನಿ ಹೊತ್ತು ಕಳೆದಳು. ಆಗ ಪಕ್ಕದಲ್ಲಿ ಪಿಸುಮಾತು ಕೇಳಿಸಿತು. ಅಜ್ಜಿ ಕೋರ್ಟಿನ ಜವಾನನನ್ನು ಹತ್ತಿರ ಕರೆದಿದ್ದಳು. "ನೀನು ಗಟ್ಟಿಮುಟ್ಟಾಗಿದೀಯ ಪುಟ್ಟಾ, ಈ ನೀರಿನ ಬಾಟಲಿ ಮುಚ್ಚಳ ನೋಡು. ಲೋಟಕ್ಕೂ ಹಾಕ್ಬಿಡು. ಹಾಂ, ನೀನೂ ಒಂದು ಗುಟುಕು ಕುಡಿ." ಜವಾನ ಸಂತೋಷದಿಂದ ಮುಚ್ಚಳ ತೆಗೆದ. ಅಜ್ಜಿ ಏನೋ ಕೊಟ್ಟಳು ಅನ್ನುವ ಹಾಗಿತ್ತು ಅವನ ಮುಖ.

ಬರ್ನಿಗೆ ತನ್ನ ಬೆರಳಿನ ಪೆಪ್ಪರ್‌ಮಿಂಟ್ ವಾಸನೆ ಮೂಗಿಗೆ ಬಡಿಯಿತು. ಅಯ್ಯೋ, ಕಳ್ಳಿ! ಕೋಟು ಬಿಚ್ಚಿಸಿಕೊಂಡಳಲ್ಲ ನನ್ನ ಕೈಯಿಂದ! ಬ್ಯಾರಿಸ್ಟರ್ ಅನ್ನಿಸಿಕೊಂಡು ಹತ್ತೊಂಬತ್ತು ವರ್ಷ, ಎದುರಿಗಿದ್ದದ್ದು ಕಾಣಲಿಲ್ಲ ಅಂತ ಅವಳಿಗೆ ನಾಚಿಕೆಯಾಯಿತು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಅನ್ನುವುದು ಮೊದಲ ದಿನದ ಪಾಠ. ಬರ್ನಿ ಅದನ್ನು ಗಾಳಿಗೆ ತೂರಿದಳು.

"ಮಿಸ್ ಫೆಮ್ಕೆ, ನೀವು ಹೋದಾಗ ಮಿಸೆಸ್ ಎಂಟ್ವಿಸಲ್ ಚಹಾ ಕೊಟ್ಟರಾ?"

"ಕೊಟ್ರು. ಬಹಳ ಆದರದಿಂದ ಕೊಟ್ರು."

"ಮಾಡಿದ್ದು ಯಾರು?"

"ನಾನು. ‘ನಿಮ್ಮ ಕಡೆ ಚಹಾ ಹೇಗೆ ಮಾಡ್ತಾರೆ, ಕಲಿತ್ಕೋತೀನಿ’ ಅಂದ್ರು."

"ಕೆಟಲಿಗೆ ನೀರು ತುಂಬಿದ್ದು?"

"ನಾನು."

"ನಲ್ಲಿ ತಿರುಗಿಸಿದ್ದು?"

"ನಾನೇ. ಅದು ಮೊದಲೇ ಸಣ್ಣಗೆ ಬಿಟ್ಟಿತ್ತು. ನಿಲ್ಲಿಸೋಕೆ ಹೋದೆ, ‘ಬೇಡ ಪುಟ್ಟಿ, ಇರ್ಲಿ’ ಅಂದ್ರು."

"ಬಿಸ್ಕೀಟ್?"

"ತಗಡಿನ ಡಬ್ಬಿಲಿತ್ತು. ‘ನಿನ್ನ ಉಗುರು ಎಷ್ಟು ಚೆನ್ನಾಗಿದೆ, ನೀನೇ ತೆಗಿ’ ಅಂದ್ರು." ಫೆಮ್ಕೆಯ ದನಿ ನಿಧಾನವಾಯಿತು. "ಆಮೇಲೆ ನಾನು ಎತ್ತರ ಇದೀನಿ ಅಂತ ಪರದೆ ಎಳೆಸಿದ್ರು. ಹೋಗುವಾಗ ದಾರಿ ಮೇಲೇ ಅಂತ ಕಸದ ಚೀಲ ಕೊಟ್ರು. ಅಂಚೆಯವನು ಹಾಕಿದ್ದ ಕಾಗದ ಒಡೆದು ಓದಿಸಿದ್ರು. ನನ್ನ ಉಚ್ಚಾರಣೆ ಕೇಳೋಕೆ ಚೆನ್ನಾಗಿದೆ ಅಂತ."

"ನೀವು ಅಲ್ಲಿದ್ದಷ್ಟು ಹೊತ್ತಿನಲ್ಲಿ ಮಿಸೆಸ್ ಎಂಟ್ವಿಸಲ್ ತಮ್ಮ ಕೈಯಾರೆ ಏನು ಮಾಡಿದರು?"

ಫೆಮ್ಕೆ ಬೆರಳು ಮಡಚಿ ಎಣಿಸಲು ಹೋದಳು. ಪ್ರಾಮಾಣಿಕ ಹುಡುಗಿ, ಪಾಪ.

"ಟಾಟಾ ಮಾಡಿದ್ರು," ಅಂದಳು.

ಜಡ್ಜ್ ಟ್ರೆಹರ್ನ್ ತಲೆಯೆತ್ತದೆ ಅದನ್ನು ಬರೆದುಕೊಂಡರು. ಫೆದರ್‌ಸ್ಟನ್ನಿನ ಮುಖದ ಇಸ್ತ್ರಿ ಸ್ವಲ್ಪ ಮುದುಡಿತು. ಆದರೆ ಅವನು ದಡ್ಡನಲ್ಲ. "ಸ್ವಾಮಿ, ಅತಿಥಿಗೆ ಕೆಲಸ ಹಚ್ಚೋದು ಕಾಯಿಲೆ ಅಲ್ಲ," ಅಂದ. "ನಮ್ಮತ್ತೆ ದಿನಾ ಮಾಡ್ತಾರೆ. ಪ್ರತಿವಾದಿ ತಾವೇ ಇದ್ದಾರಲ್ಲ, ಅವರ ಬಾಯಿಂದಲೇ ಕೇಳೋಣ."

ಅಜ್ಜಿ ಸಾಕ್ಷಿ ಕಟ್ಟೆಗೆ ಹೋಗಿ ಕೂತಳು. ಬೈಬಲ್ ಹಿಡಿಯಲು ಜವಾನನ ಸಹಾಯ ಪಡೆದಳು, ‘ನಿನ್ನ ಕೈ ಬೆಚ್ಚಗಿದೆ’ ಅಂದಳು. ಬರ್ನಿ ಎದ್ದು ನಿಂತಳು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವಂತಿಲ್ಲ, ಅದೂ ಒಂದು ಕಟ್ಟಳೆ.

"ಮಿಸೆಸ್ ಎಂಟ್ವಿಸಲ್, ಇವತ್ತು ಇಲ್ಲಿಗೆ ಬರೋಕೆ ಏನೇನು ಮಾಡಿಕೊಂಡಿರಿ, ಹೇಳಿ."

"ಬಸ್ಸಲ್ಲಿ ಬಂದೆ."

"ಅದಕ್ಕೆ ಮುಂಚೆ?"

"ಕೂತಿದ್ದೆ."

"ಎಲ್ಲಿ?"

"ಕುರ್ಚಿಲಿ."

"ಯಾವಾಗಿನಿಂದ?"

"ನಿನ್ನೆ ಮಧ್ಯಾಹ್ನದಿಂದ," ಅಂದಳು ಅಜ್ಜಿ. ಹೇಳಬಾರದ್ದೇನೋ ಬಾಯಿಂದ ಜಾರಿತು ಅಂತ ಅವಳಿಗೆ ಹೊಳೆದಂತೆ ಕಾಣಲಿಲ್ಲ. "ಕೂದಲು ಕತ್ತರಿಸೋ ಹುಡುಗಿ ನಿನ್ನೆ ಬಂದಿದ್ಳು, ಅವಳ ಕೈಲೇ ಈ ಒಳ್ಳೆ ಬಟ್ಟೆ, ಕೋಟು, ಬೂಟು ಎಲ್ಲ ಹಾಕಿಸ್ಕೊಂಡೆ. ಕೋರ್ಟಿಗೆ ಹೇಗ್ಹೇಗೋ ಬರೋಕಾಗತ್ತಾ? ಮಲಗಿದ್ರೆ ಸುಕ್ಕಾಗ್ತಿತ್ತು. ಅದಕ್ಕೆ ಕೂತೇ ಇದ್ದೆ. ಪರವಾಗಿಲ್ಲ."

ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಮುಂದಿನ ಪ್ರಶ್ನೆ ಬರೆದಿದ್ದ ಕಾಗದವನ್ನು ಬರ್ನಿ ಮಡಚಿಟ್ಟಳು. ಕೂತುಬಿಟ್ಟಳು.

ಫೆದರ್‌ಸ್ಟನ್ ಮೆಲ್ಲಗೆ ಎದ್ದ. ಅವನೂ ಮನುಷ್ಯನೇ, ಆದರೆ ಒಪ್ಪಿಕೊಂಡ ಕೆಲಸ ಮಾಡಬೇಕಲ್ಲ.

"ಮಿಸೆಸ್ ಎಂಟ್ವಿಸಲ್, ಮನೆಯ ಕೆಲಸ ಒಟ್ಟಾರೆ ನಿಮ್ಮಿಂದ ಆಗುತ್ತೆ, ಅಲ್ಲವೇ?"

"ಪರವಾಗಿಲ್ಲ ಪುಟ್ಟಾ."

"ಕೌನ್ಸಿಲ್‌ನಿಂದ ಸಹಾಯ ಬೇಕಾ?"

"ಬೇಡಪ್ಪ."

"ಬೇಡ?"

"ಬೇಡ ಅಂದ್ನಲ್ಲ," ಅಂದಳು ಅಜ್ಜಿ, ಕಡ್ಡಿ ತುಂಡು ಮಾಡಿದ ಹಾಗೆ.

ಮುಗೀತು, ಅಂದುಕೊಂಡಳು ಬರ್ನಿ. ಕೈಗೆ ಬಂದ ತುತ್ತನ್ನು ಅಜ್ಜಿಯೇ ತಟ್ಟಿ ಕೆಳಗೆ ಹಾಕಿದಳು. ಹೀಗೆ ಸೋತು ರೈಲು ಹತ್ತಿದ ದಿನಗಳು ಅವಳಿಗೆ ಹೊಸವೇನಲ್ಲ, ಆದರೆ ಈ ಮುದುಕಿಯ ಸಾಮಾನು ಬೀದಿಯಲ್ಲಿ ಇಟ್ಟಿರುವುದು ಕಣ್ಣಿಗೆ ಕಟ್ಟಿತು. ಫೆದರ್‌ಸ್ಟನ್ ಕೂತ. ಜಡ್ಜ್ ಪೆನ್ನು ಕೆಳಗಿಟ್ಟರು.

"ಯಾಕೆ ಬೇಡ, ಮಿಸೆಸ್ ಎಂಟ್ವಿಸಲ್?"

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಊಟದ ಸಾಲಿನಲ್ಲಿ ತರಕಾರಿ ಬೇಡ ಅನ್ನುವ ಹುಡುಗನನ್ನು ನೋಡುವ ನೋಟ.

"ನಮ್ಮಕ್ಕ ಡೋರಿಸ್ ಇದ್ಲು," ಅಂದಳು ಕೊನೆಗೆ. "ಎಂಟು ವರ್ಷದ ಹಿಂದೆ, ಜೀವಮಾನದಲ್ಲಿ ಒಂದೇ ಒಂದು ಸಲ ‘ಕೈಲಾಗಲ್ಲ’ ಅಂದ್ಳು. ಮಂಗಳವಾರ ಅಂದ್ಳು. ಶುಕ್ರವಾರ ಅವಳನ್ನ ಮುದುಕರ ಹೋಮಿಗೆ ಹಾಕಿದ್ರು. ಅವಳ ಬೆಕ್ಕನ್ನ ಯಾರಿಗೋ ಕೊಟ್ರು. ಅಲ್ಲಿ ಸಂಜೆ ಐದಕ್ಕೆಲ್ಲ ಮಲಗಿಸ್ತಾರೆ ಗೊತ್ತಾ? ಐದಕ್ಕೆ! ಬಿಸಿಲಿರೋವಾಗ! ನಾನು ಅವತ್ತೇ ತೀರ್ಮಾನ ಮಾಡಿದೆ, ನನ್ನ ಬಾಯಲ್ಲಿ ಆ ಮಾತು ಬರಲ್ಲ ಅಂತ. ನನ್ನ ಮನೇಲಿ ನಾನು ಸಾಯ್ತೀನಿ, ನನ್ನಿಷ್ಟದ ಹೊತ್ತಿಗೆ ಮಲಗ್ತೀನಿ."

ಅಷ್ಟೂ ವರ್ಷ ಆ ಹೆದರಿಕೆಯನ್ನು ಹೊತ್ತುಕೊಂಡು ಊರಿನವರಿಗೆಲ್ಲ ಪೆಪ್ಪರ್‌ಮಿಂಟ್ ಹಂಚಿಕೊಂಡು ಬಂದಿದ್ದಾಳಲ್ಲ ಅಂತ ಬರ್ನಿಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದವು. ಮನೆ ಉಳಿಸಿಕೊಳ್ಳಲೆಂದು ಬಚ್ಚಿಟ್ಟ ಮಾತೇ ಮನೆ ಕಳೆಯುತ್ತಿತ್ತು. ಅದನ್ನು ಹೇಳುವ ಹಕ್ಕು ಬರ್ನಿಗಿರಲಿಲ್ಲ. ಜಡ್ಜ್‌ಗೆ ಇತ್ತು.

"ನನ್ನ ಮುಂದಿರೋ ಕಾನೂನು ಹೇಳ್ತೀನಿ ಕೇಳಿ," ಅಂದರು ಟ್ರೆಹರ್ನ್. "ಉಡಾಫೆಯಿಂದ ಕೆಳಗಿನವರ ಮನೆಗೆ ನೀರು ಬಿಡೋರನ್ನ ನಾನು ಹೊರಗೆ ಹಾಕಬಹುದು. ಕೈಲಾಗದೆ ಬಿಟ್ಟವರಿಗೆ ಮೊದಲು ಮನೆಗೇ ಸಹಾಯ ಕಳಿಸಬೇಕು. ಅವರ ಮನೆಗೆ. ಅವರ ನಲ್ಲಿಗೆ. ಇವತ್ತು ನನ್ನ ಕೈಯಲ್ಲಿರೋದು ಇಷ್ಟು. ಈಗ ಹೇಳಿ, ನೀವು ಯಾವ ಕಡೆಯವರು?"

"ಹೇಳಿದ್ರೆ ಹೋಮಿಗೆ ಹಾಕಲ್ವಾ?"

"ನಾನು ಹಾಕಲ್ಲ."

ಅಜ್ಜಿ ಬರ್ನಿಯ ಕಡೆ ತಿರುಗಿದಳು. ಬರ್ನಿ ಕಡತದ ಇನ್ನೂರ ಹನ್ನೆರಡನೇ ಪುಟದಲ್ಲಿ ಮುಖ ಹುದುಗಿಸಿದಳು. ಕಣ್ಣು ಸೇರಿದರೂ ಪಾಠ ಹೇಳಿಕೊಟ್ಟ ಹಾಗೆ. ಆ ಪುಟದಲ್ಲಿ ಲಿಫ್ಟ್ ರಿಪೇರಿಯ ಬಗ್ಗೆ ಏನೋ ಇತ್ತು. ಅವಳು ಅದನ್ನೇ ನಾಲ್ಕು ಸಲ ಓದಿದಳು.

"ನಲ್ಲಿ," ಅಂದಳು ಅಜ್ಜಿ ಸಣ್ಣ ದನಿಯಲ್ಲಿ. "ನಿಲ್ಲಿಸಿದ್ರೆ ಮತ್ತೆ ಬಿಡೋಕೆ... ಆಗಲ್ಲ. ಅದಕ್ಕೆ ಸಣ್ಣಗೆ ಬಿಟ್ಟೇ ಇರ್ತೀನಿ. ಪಾತ್ರೆ ಒರೆಸೋ ಬಟ್ಟೆ ಸಿಂಕಿನ ತೂತಿಗೆ ಸಿಕ್ಕಿದ್ರೆ ತುಂಬಿ ಹರಿಯತ್ತೆ. ಬಗ್ಗಿ ತೆಗೆಯೋಕೂ ಆಗಲ್ಲ." ಉಸಿರು ತೆಗೆದುಕೊಂಡಳು. ಏನೂ ಆಗಲಿಲ್ಲ. ಯಾರೂ ಅವಳನ್ನು ಹಿಡಿಯಲು ಬರಲಿಲ್ಲ. "ಡಬ್ಬಿ ಮುಚ್ಚಳ ಆಗಲ್ಲ. ಆಲೂಗೆಡ್ಡೆ ಸಿಪ್ಪೆ ಆಗಲ್ಲ, ಸಿಪ್ಪೆ ಸಮೇತ ಬೇಯಿಸಿ ಆರೋಗ್ಯಕ್ಕೆ ಒಳ್ಳೇದು ಅಂತೀನಿ. ಅದು ಸುಳ್ಳು. ಕಾಲ್ಚೀಲ ಆಗಲ್ಲ. ತಲೆ ಎಡಗಡೆ ಬಾಚ್ತೀನಿ, ಬಲಗಡೆ ಕೈ ಹೋಗಲ್ಲ, ಅದಕ್ಕೇ ಯಾರ ಜೊತೆ ಕೂತ್ರೂ ನನ್ನ ಎಡಗಡೆಗೇ ಕೂರಿಸ್ತೀನಿ."

ಎಲ್ಲರೂ ಒಟ್ಟಿಗೆ ಅಜ್ಜಿಯ ತಲೆಯ ಬಲಗಡೆ ನೋಡಿದರು. ನೋಡಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಆಮೇಲೆ ಅವಳು ನಿಲ್ಲಲಿಲ್ಲ. ಎಂಟು ವರ್ಷದ್ದು ಬಾಕಿ ಇತ್ತು. ಕಿಟಕಿ, ಸ್ಟವ್, ಫೋನಿನ ಗುಂಡಿ, ಹಾಸಿಗೆಯ ಹೊದಿಕೆ, ಒಂದೊಂದನ್ನೂ ತೆಗೆದು ಮೇಜಿನ ಮೇಲಿಟ್ಟು ಎಣಿಸಿದ ಹಾಗೆ ಹೇಳಿದಳು. ಹೇಳುತ್ತ ಹೇಳುತ್ತ ಗೆಲುವಾದಳು. ಬೈಯುವಾಗ ಬರುವ ಗೆಲುವು ಅದು, ಕೈ ಬೀಸತೊಡಗಿದಳು. ಹಿಂದಿನ ಸಾಲಿನಲ್ಲಿ ಫೆಮ್ಕೆ ಬರೆದುಕೊಳ್ಳುತ್ತಿದ್ದಳು, ಕಣ್ಣೊರೆಸಿಕೊಂಡು ಮತ್ತೆ ಬರೆಯುತ್ತಿದ್ದಳು. ಫೆದರ್‌ಸ್ಟನ್ ಮಧ್ಯದಲ್ಲಿ ಎದ್ದು ಹೋಗಿ ಕೌನ್ಸಿಲ್ಲಿನ ಅಧಿಕಾರಿಯ ಕಿವಿಯಲ್ಲಿ ಏನೋ ಊದಿ ಬಂದ. ಅಧಿಕಾರಿ ಫೋನು ಹಿಡಿದು ಹೊರಗೆ ಓಡಿದ. ಎರಡನೇ ಮಹಡಿ ಕೊನೆಗೂ ನಾಲ್ಕನೇ ಮಹಡಿಗೆ ಫೋನು ಮಾಡಿತು.

ಮಧ್ಯಾಹ್ನ ಒಂದು ಗಂಟೆಗೆ ಫೆದರ್‌ಸ್ಟನ್ ಗಂಟಲು ಸರಿಮಾಡಿಕೊಂಡ. "ಸ್ವಾಮಿ, ಕೌನ್ಸಿಲ್ ದಾವೆಯನ್ನ ವಾಪಸು ತಗೊಳ್ತಾ ಇದೆ. ಆರೈಕೆಯ ಪರಿಶೀಲನೆ ಹೊಸದಾಗಿ ಆಗುತ್ತೆ, ಈ ವಾರದಲ್ಲೇ, ಅವರ ಮನೆಯಲ್ಲೇ."

"ಹಿಂದೆ ತೆಗೆದುಕೊಳ್ಳೋದು ಸಾಲದು, ವಜಾ ಮಾಡ್ತೀನಿ," ಅಂದರು ಜಡ್ಜ್. "ಮಿಸೆಸ್ ಎಂಟ್ವಿಸಲ್, ಮನೆ ನಿಮ್ಮದೇ. ಯಾರೂ ನಿಮ್ಮನ್ನ ಎಬ್ಬಿಸೋಕಾಗಲ್ಲ."

ಬರ್ನಿ ಕಡತ ಮುಚ್ಚಿದಳು. ಅಳು ಬಂತು, ಅತ್ತಳು, ಯಾರು ನೋಡಿದರೂ ನೋಡಲಿ ಅಂತ. ಜವಾನ ಎಲ್ಲರೂ ಏಳಿರಿ ಅಂತ ಕೂಗಿದ. ಎಲ್ಲರೂ ಎದ್ದರು. ಜಡ್ಜ್ ಟ್ರೆಹರ್ನ್ ಎದ್ದು, ಬಾಗಿ, ಊಟಕ್ಕೆ ಹೊರಡಲು ಹಿಂದಿನ ಬಾಗಿಲಿಗೆ ಕೈ ಹಾಕಿದರು.

ಸಾಕ್ಷಿ ಕಟ್ಟೆಯಲ್ಲಿ ಎದ್ದೇಳದಿದ್ದವಳು ಒಬ್ಬಳೇ.

"ಎಲ್ಲಿಗೆ ಹೊರಟೆ ಪುಟ್ಟಾ?" ಅಂದಳು ಎಂಟ್ವಿಸಲ್ ಅಜ್ಜಿ. "ಕೂತ್ಕೋ. ಇನ್ನೂ ಸ್ನಾನದ ಮನೆ ಇದೆ."

ಜಡ್ಜ್ ಬಾಗಿಲನ್ನು ಒಂದು ಸಲ ನೋಡಿದರು. ಬಂದು ಕೂತರು. ಪೆನ್ನು ತೆಗೆದುಕೊಂಡರು.